ಗುಲ್ಮಾರ್ಗ್‌ನ ಚಳಿಗೆ ಕಣ್ಣು, ಮುಖದ ಕಾಪು: ಸ್ಕೀ ಗಾಗಲ್ ಮತ್ತು ಮಾಸ್ಕ್ ಆರಿಸುವ ಬಗೆ

ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಕಲಿಯಲು ಹೊರಡುವವರ ಪಟ್ಟಿಯಲ್ಲಿ ಜಾಕೆಟ್, ಥರ್ಮಲ್, ಕೈಗವಸು ಮೊದಲು ಬರುತ್ತವೆ. ಗಾಗಲ್ ಮತ್ತು ಮುಖದ ಹೊದಿಕೆಯ ಸರದಿ ಕೊನೆಗೆ, ಅದೂ "ಅಲ್ಲೇ ಬಾಡಿಗೆಗೆ ಸಿಕ್ಕರೆ ನೋಡೋಣ" ಎಂಬ ಲೆಕ್ಕದಲ್ಲಿ. ಇಳಿಜಾರಿನ ಮೇಲೆ ಈ ಲೆಕ್ಕ ತಲೆಕೆಳಗಾಗುತ್ತದೆ. ಜಾಕೆಟ್ ಸ್ವಲ್ಪ ತೆಳುವಾದರೂ ಹೇಗೋ ದಿನ ತಳ್ಳಬಹುದು. ಒಳಗೆಲ್ಲ ಆವಿ ಹಿಡಿದ ಗಾಗಲ್ ಹಾಕಿಕೊಂಡು ಹತ್ತು ನಿಮಿಷವೂ ಇಳಿಯಲಾಗದು.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಇಲ್ಲಿನ ಕೇಬಲ್ ಕಾರ್ ಆದ ಗೊಂಡೋಲಾದ ಮೊದಲ ಹಂತ ಸುಮಾರು 3,100 ಮೀಟರ್ ಎತ್ತರದ ಕೊಂಗ್‌ಡೋರಿಗೆ ಒಯ್ಯುತ್ತದೆ. ಎರಡನೆಯ ಹಂತ ಅಫರ್ವಟ್ ಬೆಟ್ಟದ ಮೇಲೆ 3,900 ಮೀಟರ್ ದಾಟಿಸುತ್ತದೆ. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರದವರು ಚಿಲ್ಲಾಯ್ ಕಲಾನ್ ಎಂದು ಕರೆಯುವ ಕಡುಚಳಿಯ ಕಾಲ. ಕೆಳಗೆ ಮಕ್ಕಳು ಆಡುವ ಬಯಲಿಗೂ ಮೇಲಿನ ತುದಿಗೂ ಒಂದೇ ದಿನ ಬೆಳಕು, ಗಾಳಿ, ಉಷ್ಣಾಂಶ ಎಲ್ಲವೂ ಬೇರೆ. ಉತ್ತರಾಖಂಡದ ಸ್ಕೀ ತಾಣವಾದ ಔಲಿಗೆ ಹೋಗುವವರಿಗೂ, ಕೊಲರಾಡೊ ಅಥವಾ ಕೆನಡಾದಲ್ಲಿದ್ದು ವಾರಾಂತ್ಯಕ್ಕೆ ಬೆಟ್ಟ ಹತ್ತುವ ಕನ್ನಡಿಗರಿಗೂ ಇಲ್ಲಿನ ಲೆಕ್ಕ ಹೊಂದುತ್ತದೆ. ಕೆನಡಾದ ಚಳಿಗೆ ಮಾತ್ರ ಮುಖದ ಹೊದಿಕೆಯಲ್ಲಿ ಒಂದು ಮೆಟ್ಟಿಲು ಮೇಲಿರಲಿ.

ತಡೆಯಬೇಕಾದ್ದು ಏನನ್ನು?

ಮೊದಲನೆಯದು ಬೆಳಕು. ಪ್ರತಿ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣಗಳ ತೀವ್ರತೆ ಹೆಚ್ಚುಕಡಿಮೆ ಶೇ 10ರಷ್ಟು ಏರುತ್ತದೆ. ಹೊಸದಾಗಿ ಬಿದ್ದ ಹಿಮ ಈ ಕಿರಣಗಳಲ್ಲಿ ಶೇ 80ರವರೆಗೆ ಹಿಂದಕ್ಕೆ ಎರಚುತ್ತದೆ. ಅಂದರೆ ಬಿಸಿಲು ಮೇಲಿನಿಂದ ಬಂದಷ್ಟೇ ಕೆಳಗಿನಿಂದಲೂ ಪಕ್ಕದಿಂದಲೂ ಕಣ್ಣಿಗೆ ನುಗ್ಗುತ್ತದೆ. ಕೆಳಗೂ ಪಕ್ಕದಲ್ಲೂ ತೆರೆದಿರುವ ಮಾಮೂಲಿ ತಂಪು ಕನ್ನಡಕ ಇಲ್ಲಿ ಸೋಲುವುದು ಇದಕ್ಕೇ. ಮೋಡ ಕವಿದಿದೆ ಎಂದು ಗಾಗಲ್ ತೆಗೆಯುವುದೂ ತಪ್ಪು. ನೇರಳಾತೀತ ಕಿರಣದ ದೊಡ್ಡ ಪಾಲು ತೆಳುಮೋಡವನ್ನು ದಾಟಿ ಬರುತ್ತದೆ. ಇದರಿಂದಾಗುವ ಹಿಮಗುರುಡು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ರಾತ್ರಿ ಹೋಟೆಲಿನಲ್ಲಿ, ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚಲು ಶುರುವಾಗಿ, ನೀರು ಸುರಿದು, ದೀಪ ನೋಡಲಾಗದ ಸ್ಥಿತಿ ಬರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ವಾಸಿಯಾಗುತ್ತದೆ, ಆದರೆ ಅಷ್ಟರಲ್ಲಿ ನಿಮ್ಮ ರಜೆಯೂ ಮುಗಿದಿರುತ್ತದೆ.

ಎರಡನೆಯದು ಗಾಳಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಚಳಿ. ಮೈನಸ್ 15ಕ್ಕೆ ಅದೇ ಗಾಳಿ ಸೇರಿದರೆ ಮೈನಸ್ 26. ಹವಾಮಾನ ವರದಿಯಲ್ಲಿ ಗಾಳಿ ಇಲ್ಲ ಎಂದಿದ್ದರೂ ನೀವು ಗಂಟೆಗೆ 30 ಕಿ.ಮೀ. ವೇಗದಲ್ಲಿ ಜಾರುತ್ತಿದ್ದರೆ ಮುಖದ ಪಾಲಿಗೆ ಅದೇ ಗಾಳಿ. ಈ ಲೆಕ್ಕ ಮೈನಸ್ 28ರ ಹತ್ತಿರ ಇಳಿಯಿತೆಂದರೆ ಬರಿಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೂಗಿನ ತುದಿ, ಕೆನ್ನೆಯ ಮೂಳೆಯ ಮೇಲಿನ ಚರ್ಮ, ಕಿವಿಯ ಅಂಚು ಎಲ್ಲಕ್ಕಿಂತ ಮೊದಲು.

ಮೂರನೆಯದು ನಿಮ್ಮದೇ ಉಸಿರು. ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕಿದ ಕನ್ನಡಕಧಾರಿಗಳೆಲ್ಲ ಅನುಭವಿಸಿದ್ದು ಇದನ್ನೇ: ಮೂಗಿನ ಪಕ್ಕದ ಸಂದಿಯಿಂದ ಬಿಸಿಯುಸಿರು ಮೇಲಕ್ಕೆ ನುಗ್ಗಿ ಗಾಜಿನ ಮೇಲೆ ಆವಿಯಾಗಿ ಕೂರುವುದು. ಬೆಟ್ಟದಲ್ಲಿ ಗಾಜು ಇನ್ನೂ ತಣ್ಣಗಿರುತ್ತದೆ, ಉಸಿರು ಇನ್ನೂ ಜೋರಾಗಿರುತ್ತದೆ. ಬೆಳಕಿಗೂ ಗಾಳಿಗೂ ಅಂಗಡಿಯಲ್ಲಿ ಸಿದ್ಧ ಉತ್ತರ ಸಿಗುತ್ತದೆ. ಉಸಿರಿಗೆ ಮಾತ್ರ ನೀವೇ ದಾರಿ ಮಾಡಿಕೊಡಬೇಕು. ಗಾಗಲ್ ಕೆಟ್ಟದ್ದು ಎಂಬ ದೂರುಗಳಲ್ಲಿ ಬಹುಪಾಲು ನಿಜಕ್ಕೂ ಮಾಸ್ಕನ್ನು ತಪ್ಪಾಗಿ ಕೂರಿಸಿದ್ದರ ಫಲ.

ಕೊಳ್ಳುವ ಕ್ರಮ

ಮೊದಲು ಹೆಲ್ಮೆಟ್, ಆಮೇಲೆ ಗಾಗಲ್, ಕೊನೆಗೆ ಮಾಸ್ಕ್. ಹೆಲ್ಮೆಟ್‌ನ ಹಣೆಯಂಚು ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ಗಾಗಲ್‌ನ ಎತ್ತರವನ್ನು ನಿರ್ಧರಿಸುತ್ತದೆ. ಗಾಗಲ್‌ನ ಕೆಳಅಂಚು ಮೂಗಿನ ಮೇಲೆ ಎಲ್ಲಿ ಕೂರುತ್ತದೆ ಎಂಬುದು ಮಾಸ್ಕ್ ಎಷ್ಟು ಮೇಲೆ ಬರಬೇಕೆಂದು ಹೇಳುತ್ತದೆ. ಹೆಲ್ಮೆಟ್ ಬಾಡಿಗೆಗೆ ಪಡೆಯುವ ಯೋಚನೆಯಿದ್ದರೆ ತುಂಬ ದೊಡ್ಡ ಫ್ರೇಮಿನ ಗಾಗಲ್ ಬೇಡ, ಮಧ್ಯಮ ಗಾತ್ರದ್ದು ಹೆಚ್ಚು ಹೆಲ್ಮೆಟ್‌ಗಳಿಗೆ ಹೊಂದುತ್ತದೆ. ಗಾಗಲ್ ಅನ್ನೇ ಬಾಡಿಗೆಗೆ ಪಡೆಯುವುದು ಸರಿಯಲ್ಲ. ಹತ್ತಾರು ಜನ ಒಳಗಾಜು ಒರೆಸಿ ಒರೆಸಿ ಅದರ ಲೇಪ ಎದ್ದುಹೋಗಿರುತ್ತದೆ, ಫೋಮ್ ಬೇರೆಯವರ ಬೆವರು ಕುಡಿದಿರುತ್ತದೆ.

ಗಾಗಲ್‌ನ ಒಳಗೇನಿದೆ

ಕೈಗೆತ್ತಿಕೊಂಡ ಕೂಡಲೇ ಲೆನ್ಸ್ ಒಂದೋ ಎರಡೋ ನೋಡಿ. ಒಂಟಿ ಲೆನ್ಸ್‌ನ ಅಗ್ಗದ ಗಾಗಲ್ ಧೂಳಿಗೆ, ಬೈಕಿಗೆ ಸರಿ. ಹಿಮಕ್ಕೆ ಜೋಡಿ ಲೆನ್ಸ್ ಬೇಕೇ ಬೇಕು. ಹೊರಗಿನದು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್, ಒಳಗಿನದು ಅಸಿಟೇಟ್ ಜಾತಿಯ ಮೆದು ಪ್ಲಾಸ್ಟಿಕ್. ಎರಡರ ನಡುವೆ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ ಗಾಳಿಯ ತೆಳುಪದರವನ್ನು ಹಿಡಿದಿಟ್ಟಿರುತ್ತಾರೆ. ಆ ಗಾಳಿಯಿಂದಾಗಿ ಒಳಗಾಜು ಹೊರಗಿನಷ್ಟು ತಣ್ಣಗಾಗುವುದಿಲ್ಲ, ಆದ್ದರಿಂದ ಆವಿ ಬೇಗ ಕೂರುವುದಿಲ್ಲ.

ಒಳಗಾಜಿನ ಒಳಮೈಗೆ ನೀರನ್ನು ಹೀರಿ ಹರಡುವ ಲೇಪವಿರುತ್ತದೆ. ತೇವ ಹನಿಯಾಗದೆ ಕಾಣದ ಪೊರೆಯಾಗಿ ಹರಡುವಂತೆ ನೋಡಿಕೊಳ್ಳುವುದು ಅದರ ಕೆಲಸ. ಒದ್ದೆಯಾದಾಗ ಈ ಲೇಪ ಮೆತ್ತಗಾಗುತ್ತದೆ. ಆ ಹೊತ್ತಿನಲ್ಲಿ ಕೈಗವಸಿನಿಂದಲೋ ಕರ್ಚೀಫಿನಿಂದಲೋ ಉಜ್ಜಿದರೆ ಲೇಪವೇ ಕಿತ್ತು ಬರುತ್ತದೆ. ಹಾಗೆ ಹಾಳಾದ ಜಾಗದಲ್ಲಿ ಮುಂದೆ ಯಾವಾಗಲೂ ಆವಿ ಕೂರುತ್ತದೆ.

ಫ್ರೇಮಿನ ಮೇಲಂಚು, ಕೆಳಂಚಿನಲ್ಲಿ ಗಾಳಿಕಿಂಡಿಗಳಿರಬೇಕು, ಅವಕ್ಕೆ ತೆಳು ಫೋಮ್ ಹೊದಿಸಿರಬೇಕು. ಕೆಳಗಿನಿಂದ ತಂಪು ಗಾಳಿ ಒಳಬಂದು, ತೇವ ಹೊತ್ತು ಮೇಲಿನಿಂದ ಹೊರಡುತ್ತದೆ. ಕಿಂಡಿ ದೊಡ್ಡದಾದಷ್ಟೂ ಆವಿ ಕಡಿಮೆ, ಆದರೆ ಕಣ್ಣಿಗೆ ಗಾಳಿ ಬಡಿಯುವುದು ಹೆಚ್ಚು. ಮೈ ಬೇಗ ಬೆವರುವವರು ದೊಡ್ಡ ಕಿಂಡಿಯದನ್ನು, ಕಣ್ಣು ಬೇಗ ಒಣಗಿ ನೀರು ಬರುವವರು ಸಣ್ಣ ಕಿಂಡಿಯದನ್ನು ಆರಿಸಲಿ. ಮುಖಕ್ಕೆ ತಾಗುವ ಫೋಮ್ ಎರಡು ಅಥವಾ ಮೂರು ಪದರದ್ದಾಗಿ, ಕೊನೆಯ ಪದರ ಉಣ್ಣೆಯಂತೆ ಮೆದುವಾಗಿರಲಿ. ಒಂದೇ ಪದರದ ಗಡಸು ಫೋಮ್ ಅಂಗಡಿಯಲ್ಲಿ ಚೆನ್ನಾಗಿಯೇ ಕೂರುತ್ತದೆ, ಎರಡು ಗಂಟೆಯ ನಂತರ ಕೆನ್ನೆಯ ಮೂಳೆಗೆ ಒತ್ತುತ್ತದೆ. ತಲೆಪಟ್ಟಿಯ ಒಳಬದಿಗೆ ಸಿಲಿಕಾನ್ ಗೆರೆಗಳಿದ್ದರೆ ಹೆಲ್ಮೆಟ್ ಮೇಲಿಂದ ಜಾರುವುದಿಲ್ಲ.

ಎತ್ತರದ ಇನ್ನೊಂದು ಕಾಟವಿದೆ. ಗಾಳಿಯಾಡದಂತೆ ಮುಚ್ಚಿದ ಜೋಡಿ ಲೆನ್ಸ್ ಕೆಳಗಿನ ಊರಿನಲ್ಲಿ ಸಪಾಟಾಗಿದ್ದರೂ, ಗೊಂಡೋಲಾ ಏರಿದಂತೆ ಹೊರಗಿನ ಒತ್ತಡ ಇಳಿದು ನಡುವಿನ ಗಾಳಿ ಉಬ್ಬುತ್ತದೆ. ಲೆನ್ಸ್ ಬಾಗಿ ನೋಟ ಸ್ವಲ್ಪ ವಕ್ರವಾಗಬಹುದು, ಅಂಟು ಬಿಡಲೂಬಹುದು. ಒಳ್ಳೆಯ ಕೆಲವು ಮಾದರಿಗಳಲ್ಲಿ ಇದಕ್ಕೆಂದೇ ಒಳಲೆನ್ಸ್‌ನ ಅಂಚಿನಲ್ಲಿ ಗುಂಡುಸೂಜಿ ತಲೆಯಷ್ಟು ರಂಧ್ರವಿಟ್ಟು ಸೋಸುಪೊರೆ ಹಾಕಿರುತ್ತಾರೆ. ಅಫರ್ವಟ್‌ವರೆಗೆ ಹೋಗುವವರು ಇದನ್ನು ಕೇಳಿ ಕೊಳ್ಳುವುದು ಒಳ್ಳೆಯದು. ಕೆಳಗಿನ ಬಯಲಿನಲ್ಲೇ ಕಲಿಯುವವರಿಗೆ ಇದರ ಚಿಂತೆ ಬೇಡ.

ಯಾವ ಬಣ್ಣ, ಎಷ್ಟು ಕಪ್ಪು

ಪೆಟ್ಟಿಗೆಯ ಮೇಲೆ ಎಸ್0ಯಿಂದ ಎಸ್4ರವರೆಗಿನ ಒಂದು ವರ್ಗ, ಇಲ್ಲವೇ ವಿಎಲ್‌ಟಿ ಎಂದು ಶೇಕಡಾವಾರು ಅಂಕಿ ಇರುತ್ತದೆ. ಹೊರಗಿನ ಬೆಳಕಿನಲ್ಲಿ ಎಷ್ಟು ಪಾಲು ಕಣ್ಣಿಗೆ ದಾಟುತ್ತದೆ ಎಂಬುದರ ಅಳತೆ ಅದು. ಎಸ್0ಯಲ್ಲಿ ಶೇ 80ಕ್ಕಿಂತ ಹೆಚ್ಚು, ಎಸ್1ರಲ್ಲಿ 43ರಿಂದ 80, ಎಸ್2ರಲ್ಲಿ 18ರಿಂದ 43, ಎಸ್3ರಲ್ಲಿ 8ರಿಂದ 18, ಎಸ್4ರಲ್ಲಿ 3ರಿಂದ 8. ಎಸ್4 ಹಾಕಿಕೊಂಡು ವಾಹನ ಓಡಿಸಬಾರದು, ಗುಲ್ಮಾರ್ಗ್‌ನ ಕೆಳಗಿನ ಊರಾದ ತಂಗ್‌ಮಾರ್ಗ್‌ನಿಂದ ಮೇಲಕ್ಕೆ ನೀವೇ ಕಾರು ತರುವವರಾದರೆ ನೆನಪಿಡಿ.

ನೀಲಿ ಆಕಾಶದ ದಿನಕ್ಕೆ ಎಸ್3, ಬೂದು ಅಥವಾ ಕಂದು ಛಾಯೆ, ಹೊರಗೆ ಕನ್ನಡಿ ಲೇಪ. ಹಿಮ ಬೀಳುತ್ತಿರುವ, ಮೋಡ ಮುಚ್ಚಿದ ದಿನಕ್ಕೆ ಎಸ್1, ಹಳದಿ ಅಥವಾ ಗುಲಾಬಿ ಛಾಯೆ. ಮೋಡದ ದಿನ ಆಕಾಶವೂ ನೆಲವೂ ಒಂದೇ ಬಿಳುಪಾಗಿ, ನೆರಳೇ ಬೀಳದೆ, ಮುಂದಿರುವುದು ಉಬ್ಬೋ ತಗ್ಗೋ ತಿಳಿಯುವುದಿಲ್ಲ. ಹಳದಿ, ಗುಲಾಬಿ ಲೆನ್ಸ್‌ಗಳು ನೀಲಿ ಬೆಳಕನ್ನು ಕಡಿಮೆ ಮಾಡಿ ಉಳಿದ ಅಲ್ಪಸ್ವಲ್ಪ ನೆರಳನ್ನು ಎದ್ದು ಕಾಣಿಸುತ್ತವೆ. ಇಡೀ ವಾರಕ್ಕೆ ಒಂದೇ ಲೆನ್ಸ್ ಎಂದಾದರೆ ಎಸ್2, ಅದರಲ್ಲೂ ಶೇ 25ರಿಂದ 35 ದಾಟಿಸುವ ಗುಲಾಬಿ ಅಥವಾ ತಾಮ್ರದ ಬಣ್ಣದ್ದು. ಎಂಥ ದಿನಕ್ಕೂ ಅತ್ಯುತ್ತಮವಲ್ಲ, ಯಾವ ದಿನವೂ ಕೈಬಿಡುವುದಿಲ್ಲ. ಬಜೆಟ್ ಇದ್ದರೆ ಕಾಂತದಿಂದ ಅಂಟಿಕೊಳ್ಳುವ ಎರಡು ಲೆನ್ಸ್‌ನ ಗಾಗಲ್ ತೆಗೆದುಕೊಳ್ಳಿ; ಕೈಗವಸು ಹಾಕಿಕೊಂಡೇ ಬದಲಿಸಬಹುದು. ಹಾಗೆ ಕೊಳ್ಳುವಾಗ ಲೆನ್ಸನ್ನು ಬದಿಯಿಂದ ಗಟ್ಟಿಯಾಗಿ ತಳ್ಳಿ ನೋಡಿ. ಕಾಂತದ ಜೊತೆಗೆ ಕೊಕ್ಕೆಯೂ ಇಲ್ಲದಿದ್ದರೆ ಬಿದ್ದಾಗ ಲೆನ್ಸ್ ಹಿಮದೊಳಗೆ ಕಾಣೆಯಾಗುತ್ತದೆ.

ಬಿಸಿಲಿಗೆ ತಾನಾಗಿ ಕಪ್ಪಾಗುವ ಫೋಟೊಕ್ರೋಮಿಕ್ ಲೆನ್ಸ್ ಕೇಳಲು ಚೆಂದ. ಚಳಿಯಲ್ಲಿ ಅದು ಇನ್ನಷ್ಟು ಕಪ್ಪಾಗುತ್ತದೆ, ತಿಳಿಯಾಗಲು ತಡಮಾಡುತ್ತದೆ. ಬಿಸಿಲಿನಿಂದ ಮರಗಳ ನೆರಳಿಗೆ ನುಗ್ಗಿದಾಗ ಕೆಲ ಹೊತ್ತು ಕತ್ತಲೆಯಲ್ಲೇ ಇರುತ್ತೀರಿ. ಪೋಲರೈಸ್ಡ್ ಲೆನ್ಸ್ ಕಣ್ಣು ಕುಕ್ಕುವ ಹೊಳಪನ್ನು ಅಳಿಸುತ್ತದೆ, ಜೊತೆಗೆ ಗಟ್ಟಿ ಮಂಜುಗಡ್ಡೆಯ ಗುರುತಾದ ಮಿನುಗನ್ನೂ ಅಳಿಸಬಹುದು. ಕಲಿಯುವವರು ಇವೆರಡಕ್ಕೂ ಹೆಚ್ಚು ಹಣ ಕೊಡಬೇಕಿಲ್ಲ.

ಕಪ್ಪಿಗೂ ನೇರಳಾತೀತ ತಡೆಗೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಪಾಲಿಕಾರ್ಬೊನೇಟ್ ಬಣ್ಣವಿಲ್ಲದಿದ್ದರೂ ಆ ಕಿರಣಗಳನ್ನು ತಡೆಯುತ್ತದೆ. ಬೀದಿಬದಿಯ ಬರೀ ಬಣ್ಣದ ಪ್ಲಾಸ್ಟಿಕ್ ತಡೆಯದಿರಬಹುದು. ಅದರ ಕತ್ತಲಿಗೆ ಪಾಪೆ ಅಗಲವಾಗಿ ತೆರೆದುಕೊಂಡು ಕಿರಣ ಇನ್ನೂ ಹೆಚ್ಚು ಒಳಹೋಗುತ್ತದೆ. ಯುವಿ400 ಅಥವಾ ಶೇ 100 ಯುವಿ ತಡೆ ಎಂಬ ಬರಹ, ಜೊತೆಗೆ ಸ್ಕೀ ಗಾಗಲ್‌ನ ಮಾನದಂಡಗಳಾದ ಐಎಸ್ಒ 18527-1, ಹಳೆಯ ಇಎನ್ 174 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್659 ಇವುಗಳಲ್ಲಿ ಒಂದರ ಗುರುತು ಇರುವುದನ್ನೇ ಕೊಳ್ಳಿ.

ಅಂಗಡಿಯಲ್ಲಿ ಪರೀಕ್ಷೆ

ಬೆಂಗಳೂರಿನಲ್ಲಿ ಡೆಕಾಥ್ಲಾನ್‌ನಂಥ ಮಳಿಗೆಗೆ ಹೋಗುವಾಗ ಹೆಲ್ಮೆಟ್ ಇದ್ದರೆ ಅದನ್ನೂ, ನಿಮ್ಮ ಕನ್ನಡಕವನ್ನೂ ಒಯ್ಯಿರಿ. ಆನ್‌ಲೈನ್‌ನಲ್ಲಿ ತರಿಸಿದರೆ ಹಿಂದಿರುಗಿಸುವ ಅವಧಿಯೊಳಗೆ ಮನೆಯಲ್ಲೇ ಹೀಗೆ ನೋಡಿ.

1. ತಲೆಪಟ್ಟಿ ಹಾಕದೆ ಗಾಗಲ್ ಅನ್ನು ಮುಖಕ್ಕೆ ಮೆಲ್ಲಗೆ ಒತ್ತಿ. ಹಣೆ, ಕಣ್ಣಿನ ಪಕ್ಕ, ಕೆನ್ನೆ ಎಲ್ಲ ಕಡೆಯೂ ಫೋಮ್ ಒಂದೇ ಸಮ ತಾಗಬೇಕು. ಎಲ್ಲಾದರೂ ಒಂದೇ ಕಡೆ ಒತ್ತಿದರೆ ಅದು ನಿಮ್ಮ ಮುಖದ ಅಚ್ಚಲ್ಲ, ಪಟ್ಟಿ ಸಡಿಲಿಸಿದರೆ ಸರಿಹೋಗುವುದಿಲ್ಲ.

2. ಮೂಗಿನ ಎರಡೂ ಪಕ್ಕ ಬೆರಳಾಡಿಸಿ. ಬೆಳಕು ಕಾಣುವಷ್ಟು ಸಂದಿಯಿದ್ದರೆ ಉಸಿರು ಅಲ್ಲಿಂದಲೇ ಮೇಲೇರುತ್ತದೆ. ಮೂಗಿನ ಸೇತುವೆ ತಗ್ಗಾಗಿರುವವರು 'ಏಷ್ಯನ್ ಫಿಟ್' ಅಥವಾ 'ಲೋ ಬ್ರಿಜ್' ಎಂದು ಬರೆದ ಮಾದರಿ ಕೇಳಿ, ಅದರಲ್ಲಿ ಆ ಜಾಗದ ಫೋಮ್ ದಪ್ಪ. ಮೂಗು ಚೂಪಾಗಿ ಎತ್ತರವಿದ್ದರೆ ಸಾಮಾನ್ಯ ಅಚ್ಚೇ ಸರಿ.

3. ಮೂಗಿನಿಂದ ಧಾರಾಳವಾಗಿ ಉಸಿರಾಡಿ. ಹೊಳ್ಳೆ ಅದುಮಿದಂತಾದರೆ ಬೇಡ. ಅದುಮಿದ ಮೂಗಿಗೆ ರಕ್ತ ಓಡಾಟ ಕಡಿಮೆಯಾಗಿ ಚಳಿ ಬೇಗ ಹಿಡಿಯುತ್ತದೆ.

4. ಹೆಲ್ಮೆಟ್ ಹಾಕಿ, ಪಟ್ಟಿಯನ್ನು ಅದರ ಮೇಲಿಂದ ತನ್ನಿ. ಹೆಲ್ಮೆಟ್ ಮತ್ತು ಗಾಗಲ್ ನಡುವೆ ಹಣೆ ಕಾಣಬಾರದು. ಬಿರುಗಾಳಿಗೆ ಆ ಒಂದು ಬೆರಳಗಲದ ಹಣೆಯಿಂದಲೇ ತಲೆನೋವು ಶುರುವಾಗುತ್ತದೆ. ಹೆಲ್ಮೆಟ್ ಗಾಗಲ್ ಅನ್ನು ಮೂಗಿನ ಮೇಲೆ ಕೆಳಕ್ಕೆ ದೂಡಲೂಬಾರದು.

5. ಹತ್ತು ನಿಮಿಷ ಹಾಗೆಯೇ ಇರಿ, ಕತ್ತು ತಿರುಗಿಸದೆ ಕಣ್ಣಾಡಿಸಿ ಎರಡೂ ಪಕ್ಕ ನೋಡಿ. ಪಕ್ಕದಿಂದ ಬರುವ ಸ್ಕೀಯರ್ ಕಾಣಬೇಕಾದ್ದು ಅಲ್ಲೇ. ಪಟ್ಟಿ ಗಾಗಲ್ ಅಲುಗದಷ್ಟು ಬಿಗಿಯಿದ್ದರೆ ಸಾಕು. ಅತಿ ಬಿಗಿದರೆ ಫೋಮ್ ಚಪ್ಪಟೆಯಾಗಿ ಕಿಂಡಿಗಳು ಮುಚ್ಚಿ, ಆವಿ ಹೆಚ್ಚುತ್ತದೆ.

ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡದು ಕೊಂಡರೆ ಕೆನ್ನೆಯ ಬಳಿ ಸಂದಿ ಬಿಟ್ಟು ಮಗು ಅರ್ಧ ಗಂಟೆಯಲ್ಲಿ ಕಿತ್ತೆಸೆಯುತ್ತದೆ.

ಕನ್ನಡಕ ಹಾಕುವವರಿಗೆ

ಇಲ್ಲಿ ಮೂರು ದಾರಿಗಳಿವೆ, ಮೂರೂ ಸಮವಲ್ಲ.

ದಿನಬಳಕೆಯ, ಸಂಜೆ ಎಸೆಯುವ ಕಾಂಟ್ಯಾಕ್ಟ್ ಲೆನ್ಸ್ ಬಹಳ ಜನಕ್ಕೆ ಅನುಕೂಲ. ಕಣ್ಣೊಳಗೆ ಅದು ಹೆಪ್ಪುಗಟ್ಟುತ್ತದೆ ಎಂಬ ಭಯ ಸುಳ್ಳು, ಕಣ್ಣಿನ ಬಿಸಿ ಅದನ್ನು ಕಾಪಾಡುತ್ತದೆ. ಚಳಿಯ ಒಣಗಾಳಿಗೆ ಕಣ್ಣು ಒಣಗುವುದು ಮಾತ್ರ ನಿಜ. ಕೃತಕ ಕಣ್ಣೀರಿನ ಹನಿಗಳನ್ನೂ ಒಂದು ಬದಲಿ ಜೊತೆಯನ್ನೂ ಜಾಕೆಟ್‌ನ ಒಳಜೇಬಿನಲ್ಲಿ ಇಡಿ. ಹೊರಜೇಬಿನಲ್ಲಿಟ್ಟರೆ ದ್ರವ ಗಡ್ಡೆಕಟ್ಟುತ್ತದೆ. ಹಿಂದೆಂದೂ ಹಾಕದವರು ಹೊರಡುವ ಎರಡು ಮೂರು ವಾರ ಮೊದಲೇ ಕಣ್ಣಿನ ವೈದ್ಯರಲ್ಲಿ ಅಳತೆ ಕೊಟ್ಟು ಅಭ್ಯಾಸ ಮಾಡಿಕೊಳ್ಳಬೇಕು.

ಕಾಂಟ್ಯಾಕ್ಟ್ ಲೆನ್ಸ್ ಒಗ್ಗದವರಿಗೆ ಓಟಿಜಿ ಗಾಗಲ್, ಅಂದರೆ ಕನ್ನಡಕದ ಮೇಲೆಯೇ ಹಾಕುವಂಥದ್ದು. ಫ್ರೇಮ್ ಆಳವಾಗಿರುತ್ತದೆ, ಕನ್ನಡಕದ ಕಡ್ಡಿ ಹೊರಬರುವ ಜಾಗದಲ್ಲಿ ಫೋಮ್‌ಗೆ ಕಚ್ಚು ಕೊಟ್ಟಿರುತ್ತಾರೆ. ಕನ್ನಡಕದ ಗಾಜು ಗಾಗಲ್‌ನ ಒಳಲೆನ್ಸ್‌ಗೆ ತಾಗಿದರೆ ಲೇಪದ ಮೇಲೆ ಗೀರು ಬೀಳುತ್ತದೆ. ತಲೆಯಾಡಿಸಿದಾಗ ಟಕ್ ಎಂದರೆ ಆ ಮಾದರಿ ಬಿಡಿ. ಕಡ್ಡಿ ದಪ್ಪಗಿದ್ದರೆ ಹೆಲ್ಮೆಟ್ ಅದನ್ನು ಕಿವಿಯ ಮೇಲೆ ಅದುಮಿ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ತೆಳುಕಡ್ಡಿಯ, ಲೋಹವಲ್ಲದ ಚಿಕ್ಕ ಫ್ರೇಮಿಗೆ ಪಾಲಿಕಾರ್ಬೊನೇಟ್ ಗಾಜು ಹಾಕಿಸಿದ ಹಳೆಯ ಕನ್ನಡಕವೊಂದಿದ್ದರೆ ಬೆಟ್ಟಕ್ಕೆ ಅದೇ ಸರಿ. ಆವಿ ತಡೆಯುವ ದ್ರವವನ್ನು ಕನ್ನಡಕದ ಎರಡೂ ಮೈಗೆ ಹಚ್ಚಬಹುದು. ಗಾಗಲ್‌ನ ಒಳಮೈಗೆ, ತಯಾರಕರೇ ಹೇಳದ ಹೊರತು, ಹಚ್ಚಬೇಡಿ.

ಮೂರನೆಯದು ಗಾಗಲ್ ಒಳಗೆ ಸಿಕ್ಕಿಸುವ ನಂಬರಿನ ಚಿಕ್ಕ ಗಾಜು. ಕಿವಿಗೆ ಕಡ್ಡಿಯ ಕಾಟವಿಲ್ಲ, ಆದರೆ ಕಣ್ಣಿಗೆ ತೀರ ಹತ್ತಿರವಿದ್ದು ರೆಪ್ಪೆಗೂದಲು ತಾಗುತ್ತದೆ, ಆವಿ ಕೂರಲು ಇನ್ನೊಂದು ಮೈ ಸಿಕ್ಕಂತಾಗುತ್ತದೆ. ನಂಬರ್ ತುಂಬ ಹೆಚ್ಚಿದ್ದು ಉಳಿದೆರಡೂ ಆಗದವರಿಗೆ ಮಾತ್ರ.

ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವವರಿಗೆ ಇನ್ನೊಂದು ಮಾತು: ಹತ್ತುವಾಗ ಗಾಗಲ್ ಬೇಡವೇ ಬೇಡ. ಬೆವರಿಗೆ ಅದು ಹತ್ತು ನಿಮಿಷದಲ್ಲಿ ತೊಯ್ದುಹೋಗುತ್ತದೆ. ಪಕ್ಕ ಮುಚ್ಚಿರುವ ಎಸ್3 ಅಥವಾ ಎಸ್4 ತಂಪು ಕನ್ನಡಕ ಹತ್ತಲಿಕ್ಕೆ, ಒಣಗಾಗಲ್ ಇಳಿಯಲಿಕ್ಕೆ.

ಮುಖದ ಹೊದಿಕೆ

ನಮ್ಮ ಕಡೆಯವರ ಮೊದಲ ಆಯ್ಕೆ ಮಂಕಿ ಕ್ಯಾಪ್. ಊಟಿಯ ಬೆಳಗಿಗೆ ಅದು ಸಾಕು. ಹೆಲ್ಮೆಟ್ ಒಳಗೆ ಮಾತ್ರ ಆ ದಪ್ಪ ಹೆಣಿಗೆ ಹೆಲ್ಮೆಟ್ಟನ್ನು ಮೇಲಕ್ಕೆತ್ತಿ ಅದರ ರಕ್ಷಣೆಯನ್ನೇ ಕೆಡಿಸುತ್ತದೆ. ಬೇಕಾದ್ದು ತೆಳುವಾದ, ಮೈಗಂಟುವ ಬಾಲಕ್ಲಾವಾ, ಅಂದರೆ ತಲೆ, ಮುಖ, ಕುತ್ತಿಗೆ ಮುಚ್ಚಿ ಕಣ್ಣಿನ ಜಾಗ ಮಾತ್ರ ತೆರೆದಿರುವ ಮುಸುಕು. ಮೆರಿನೊ ಉಣ್ಣೆಯದಾದರೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿರುತ್ತದೆ, ನಾಲ್ಕು ದಿನವಾದರೂ ಅಷ್ಟಾಗಿ ವಾಸನೆ ಬರುವುದಿಲ್ಲ; ಪಾಲಿಯೆಸ್ಟರ್ ಅಗ್ಗ, ಬೇಗ ಒಣಗುತ್ತದೆ. ಹತ್ತಿ ಬೇಡ, ಉಸಿರಿನ ತೇವ ಹಿಡಿದುಕೊಂಡು ಬಾಯಿಗೆ ಅಂಟಿದ ಮಂಜುಗಡ್ಡೆಯಾಗುತ್ತದೆ. ಮಫ್ಲರ್, ದುಪಟ್ಟಾದ ಜೋಲು ತುದಿಗಳು ಸ್ಕೀಯರ್‌ಗಳನ್ನು ಇಳಿಜಾರಿನ ಮೇಲಕ್ಕೆ ಎಳೆಯುವ ಲಿಫ್ಟಿಗೆ ಸಿಕ್ಕಿಕೊಳ್ಳುವ ಅಪಾಯವಿದೆ, ಅವನ್ನು ಹೋಟೆಲಿನಲ್ಲೇ ಬಿಡಿ. ಉದ್ದ ಜಡೆಯೂ ಜಾಕೆಟ್‌ನ ಒಳಗಿರಲಿ.

ಗಾಳಿಯ ಚಳಿ ಸೇರಿಸಿ ಮೈನಸ್ 10ರವರೆಗೆ ಕುತ್ತಿಗೆಯಿಂದ ಮೂಗಿನವರೆಗೆ ಎಳೆದುಕೊಳ್ಳುವ, ಕೊಳವೆಯಂಥ ಬಟ್ಟೆಯ ಒಂದು ಬಫ್ ಸಾಕು. ಮೈನಸ್ 10ರಿಂದ 20ರ ನಡುವೆ ಬಾಲಕ್ಲಾವಾ ಹಾಕಿ. ಬಾಯಿಯ ಭಾಗವನ್ನು ಗಲ್ಲದ ಕೆಳಗೆ ಮಡಚಲು ಬರುವಂಥದ್ದು ಆರಿಸಿ. ಅದಕ್ಕೂ ಕೆಳಗೆ ಇಳಿದರೆ ಮೇಲಿಂದ ನಿಯೊಪ್ರೀನ್ (ರಬ್ಬರಿನಂಥ ದಪ್ಪ ಬಟ್ಟೆ) ಅಥವಾ ಗಾಳಿ ನಿಲ್ಲಿಸುವ ಬಟ್ಟೆಯ ಮಾಸ್ಕ್ ಬೇಕು. ಬಾಯಿಯ ಎದುರು ರಂಧ್ರಗಳೋ ಜಾಲರಿಯೋ ಇರಬೇಕು. ರಂಧ್ರವಿಲ್ಲದ ನಿಯೊಪ್ರೀನ್ ಉಸಿರನ್ನು ಹೊರಬಿಡದೆ ನೇರ ಗಾಗಲ್‌ಗೇ ಕಳಿಸುತ್ತದೆ.

ಹಾಕುವ ಕ್ರಮ ಹೀಗೆ: ಬಾಲಕ್ಲಾವಾ, ಅದರ ಮೇಲೆ ಹೆಲ್ಮೆಟ್, ಹೆಲ್ಮೆಟ್ ಮೇಲೆ ಗಾಗಲ್, ಕೊನೆಗೆ ಬಟ್ಟೆಯನ್ನು ಮೂಗಿನ ಮೇಲಕ್ಕೆ ಎಳೆಯುವುದು. ಬಟ್ಟೆಯ ಮೇಲಂಚು ಗಾಗಲ್‌ನ ಕೆಳಂಚಿಗೆ ಬಂದು ತಾಗಬೇಕು, ಅಷ್ಟೇ. ಫೋಮ್‌ನ ಒಳಗೆ ತೂರಿಸಿದರೆ ಬಟ್ಟೆ ಬತ್ತಿಯ ಹಾಗೆ ಉಸಿರಿನ ತೇವವನ್ನು ಒಳಕ್ಕೆ ಒಯ್ಯುತ್ತದೆ. ಗಾಗಲ್‌ನ ಹೊರಮೈ ಮೇಲಕ್ಕೆ ಎಳೆದರೆ ಕೆಳಗಿನ ಕಿಂಡಿಗಳು ಮುಚ್ಚಿಹೋಗುತ್ತವೆ. ಎರಡೂ ಬೇಡ. ಮೂಗಿನ ಎರಡು ಪಕ್ಕ ಸಂದಿ ಉಳಿಯುತ್ತಿದ್ದರೆ ಮೂಗಿನ ಮೇಲೆ ಬಗ್ಗಿಸಬಹುದಾದ ತಂತಿಯಿರುವ ಮಾಸ್ಕ್ ನೋಡಿ.

ಎರಡು ಬಫ್ ಒಯ್ಯಿರಿ. ಬಾಯಿಯ ಎದುರಿನ ಬಟ್ಟೆ ಎರಡು ಗಂಟೆಯಲ್ಲಿ ತೊಯ್ದು ಬಿರುಸಾಗುತ್ತದೆ. ಮೊದಲು ಅದನ್ನೇ ತಿರುಗಿಸಿ ಒಣಭಾಗ ಮುಂದೆ ತನ್ನಿ, ಊಟದ ಹೊತ್ತಿಗೆ ಬದಲಿಸಿ.

ಮೂಗುಬೊಟ್ಟು, ಎಣ್ಣೆ, ಸನ್‌ಸ್ಕ್ರೀನ್

ಲೋಹ ಚರ್ಮದ ಬಿಸಿಯನ್ನು ಬೇಗ ಹೊರಗೆಳೆಯುತ್ತದೆ. ಮೂಗುಬೊಟ್ಟು, ಓಲೆ, ಜುಮುಕಿ ತೆಗೆದಿಟ್ಟು ಹೋಗುವುದೇ ಒಳ್ಳೆಯದು; ಗಾಗಲ್‌ನ ಅಂಚು ಮೂಗುಬೊಟ್ಟಿನ ಮೇಲೆ ಒತ್ತಿದರೆ ಬಿದ್ದಾಗ ಗಾಯವೂ ಆಗುತ್ತದೆ. ತೆಗೆಯಲಾಗದಿದ್ದರೆ ಅದರ ಮೇಲೆ ಮೆಡಿಕಲ್ ಟೇಪಿನ ಚಿಕ್ಕ ತುಂಡು ಅಂಟಿಸಿ.

ಕೊಬ್ಬರಿ ಎಣ್ಣೆಯಾಗಲಿ ವ್ಯಾಸಲೀನ್ ಆಗಲಿ ಚರ್ಮ ಒಡೆಯುವುದನ್ನು ಕಡಿಮೆ ಮಾಡಬಹುದು, ಚರ್ಮ ಹೆಪ್ಪುಗಟ್ಟುವ ಹಿಮಕಡಿತವನ್ನು ತಡೆಯುವುದಿಲ್ಲ. ಬಳಿದುಕೊಂಡಾಗ ಬೆಚ್ಚಗನಿಸುವುದೇ ಮೋಸ, ಆ ಧೈರ್ಯಕ್ಕೆ ಮುಖ ತೆರೆದಿಟ್ಟುಕೊಳ್ಳುತ್ತೇವೆ. ಹೊರಡುವ 20 ನಿಮಿಷ ಮೊದಲು ಎಸ್‌ಪಿಎಫ್ 50ರ ಸನ್‌ಸ್ಕ್ರೀನ್, ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ. ಬೆಳಕು ಕೆಳಗಿನಿಂದ ಬರುವುದರಿಂದ ಗಲ್ಲದ ಅಡಿ, ಮೂಗಿನ ಕೆಳಭಾಗ, ಕಿವಿಯ ಹಿಂದೆ ಬಿಡಬೇಡಿ. ಫೋಮ್ ಕೂರುವ ಜಾಗದಲ್ಲಿ ತೆಳುವಾಗಿ ಹಚ್ಚಿ, ಜಿಡ್ಡು ಫೋಮ್‌ಗೂ ಗಾಜಿಗೂ ಅಂಟುತ್ತದೆ. ತುಟಿಗೆ ಎಸ್‌ಪಿಎಫ್ ಇರುವ ಬಾಮ್. ಎರಡು ಗಂಟೆಗೊಮ್ಮೆ ಮತ್ತೆ.

ಇಳಿಜಾರಿನ ಮೇಲೆ

ಲಿಫ್ಟಿನಲ್ಲಿ ಕುಳಿತ ಕೂಡಲೇ ಗಾಗಲ್ ಅನ್ನು ಹಣೆಗೋ ಟೋಪಿಗೋ ಏರಿಸುವುದು ಹೊಸಬರ ಅಭ್ಯಾಸ. ಬೆವರಿದ ಹಣೆಯ ಬಿಸಿ ಆವಿ ನೇರ ಫೋಮ್‌ಗೆ ಇಳಿಯುತ್ತದೆ, ಮತ್ತೆ ಕಣ್ಣಿಗಿಳಿಸಿದ ಕ್ಷಣ ಗಾಜು ಬೆಳ್ಳಗಾಗುತ್ತದೆ. ಕಣ್ಣಮೇಲೆಯೇ ಇರಲಿ, ಇಲ್ಲವೇ ಪೂರ್ತಿ ತೆಗೆದು ಜಾಕೆಟ್ ಒಳಗೆ ಇಡಿ. ಆವಿ ಹೆಚ್ಚು ಹಿಡಿಯುವುದು ಜಾರುವಾಗಲ್ಲ, ಜೋರಾಗಿ ಇಳಿದು ಥಟ್ಟನೆ ನಿಂತಾಗ: ಮೈ ಬಿಸಿ, ಗಾಳಿಯ ಓಡಾಟ ಇಲ್ಲ. ಆಗ ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಅರ್ಧ ನಿಮಿಷ ಬಾಯಿಂದ ಕೆಳಮುಖವಾಗಿ ಉಸಿರು ಬಿಡಿ.

ಬಿದ್ದು ಒಳಗೆ ಹಿಮ ಹೋದರೆ ಗಾಗಲ್ ತೆಗೆದು ಕೈಗೆ ತಟ್ಟಿ ಕೊಡವಿ, ಕಿಂಡಿಗಳ ಹಿಮವನ್ನು ಹೊರಕ್ಕೆ ಊದಿ. ಒಳಗಾಜಿಗೆ ಬಾಯುಸಿರು ತಾಗಬಾರದು. ಉಳಿದ ಹನಿಗಳನ್ನು ಒಣಗಿದ ಮೈಕ್ರೊಫೈಬರ್ ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ.

ಪ್ರತಿ ಸಲ ಮೇಲೇರುವಾಗ ಜೊತೆಗಾರರ ಮೂಗು, ಕೆನ್ನೆ, ಕಿವಿ ನೋಡುವುದನ್ನು ರೂಢಿ ಮಾಡಿಕೊಳ್ಳಿ, ತಮ್ಮ ಮುಖ ತಮಗೆ ಕಾಣುವುದಿಲ್ಲವಲ್ಲ. ಬಿಳಿಚಿದ ಅಥವಾ ಮೇಣದಂತೆ ಕಾಣುವ, ಮುಟ್ಟಿದರೆ ತಿಳಿಯದ ಮಚ್ಚೆ ಹಿಮಕಡಿತದ ಮೊದಲ ಸೂಚನೆ. ನಮ್ಮ ಮೈಬಣ್ಣದಲ್ಲಿ ಬಿಳುಪು ತಡವಾಗಿ ಕಾಣಬಹುದು, ಆದ್ದರಿಂದ ಮರಗಟ್ಟಿದೆಯೇ ಎಂದು ಕೇಳಿ. ಬೆಚ್ಚಗಿನ ಬರಿ ಅಂಗೈಯನ್ನು ಅದರ ಮೇಲಿಟ್ಟು ಒಳಗೆ ಕರೆದೊಯ್ಯಿರಿ. ತಿಕ್ಕಬಾರದು, ಹಿಮದಿಂದಂತೂ ಖಂಡಿತ ಬೇಡ. ಕಾಂಗ್ಡಿಯನ್ನೋ (ಕಾಶ್ಮೀರದ ಕೆಂಡದ ಮಡಕೆ) ಹೀಟರನ್ನೋ ಹತ್ತಿರ ಹಿಡಿಯಲೂಬಾರದು. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ. ಅರ್ಧ ಗಂಟೆಯಲ್ಲಿ ಬಣ್ಣ, ಸ್ಪರ್ಶ ಮರಳದಿದ್ದರೆ ಅಥವಾ ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ. ರಾತ್ರಿ ಕಣ್ಣು ಚುಚ್ಚತೊಡಗಿದರೆ ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಕತ್ತಲ ಕೋಣೆಯಲ್ಲಿ ಮಲಗಿ, ಮುಚ್ಚಿದ ಕಣ್ಣಿಗೆ ತಣ್ಣೀರ ಬಟ್ಟೆ ಇಡಿ, ಉಜ್ಜಬೇಡಿ. ಬೆಳಗ್ಗೆಯೂ ಹಾಗೇ ಇದ್ದರೆ ಇಳಿಜಾರಿಗಲ್ಲ, ಕಣ್ಣಿನ ಡಾಕ್ಟರ ಬಳಿಗೆ.

ಸಂಜೆಯ ಆರೈಕೆ

ಕೋಣೆಗೆ ಬಂದ ಮೇಲೆ ಗಾಗಲ್ ಅನ್ನು ಚೀಲದಲ್ಲೇ ಬಿಡಬೇಡಿ. ಫೋಮ್ ಮೇಲೆ ಮಾಡಿ ಮೇಜಿನ ಮೇಲಿಟ್ಟು ಕೋಣೆಯ ಗಾಳಿಗೆ ಒಣಗಲು ಬಿಡಿ. ಕೋಣೆ ಬಿಸಿಮಾಡುವ ಒಲೆಯಾದ ಬುಖಾರಿಯ ಪಕ್ಕ ಇಟ್ಟರೆ ಬೇಗ ಒಣಗುತ್ತದೆ ನಿಜ, ಆ ಬಿಸಿಗೆ ಎರಡು ಲೆನ್ಸ್‌ಗಳನ್ನು ಹಿಡಿದ ಅಂಟು ಸಡಿಲಾಗುತ್ತದೆ, ಒಳಲೆನ್ಸ್ ಸೊಟ್ಟಗಾಗುತ್ತದೆ. ಹೊರಮೈಯ ಕಲೆಯನ್ನು ಪೂರ್ತಿ ಒಣಗಿದ ಮೇಲೆ ಮೈಕ್ರೊಫೈಬರ್‌ನಿಂದ ಒರೆಸಿ. ಟಿಶ್ಯೂ ಕಾಗದ, ಶರ್ಟಿನ ತುದಿ ಕನ್ನಡಿ ಲೇಪದ ಮೇಲೆ ಗೀರು ಬಿಡುತ್ತವೆ. ಬಫ್ ಮತ್ತು ಬಾಲಕ್ಲಾವಾವನ್ನು ಪ್ರತಿ ಸಂಜೆ ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ ಹಿಂಡಿ ನೇತುಹಾಕಿ.

ಎರಡು ಲೆನ್ಸ್‌ಗಳ ನಡುವೆಯೇ ಆವಿ ಕಾಣಿಸಿ, ಒಂದು ರಾತ್ರಿ ಒಣಗಿಸಿದರೂ ಹೋಗದಿದ್ದರೆ ಅಂಚಿನ ಅಂಟು ಬಿಟ್ಟಿದೆ ಎಂದರ್ಥ. ಅದಕ್ಕೆ ಮನೆಮದ್ದಿಲ್ಲ, ಲೆನ್ಸ್ ಬದಲಿಸಬೇಕು. ಅದಕ್ಕಾಗಿಯೇ ಕೊಳ್ಳುವಾಗ ಬಿಡಿ ಲೆನ್ಸ್ ಸಿಗುವ ಮಾದರಿಯನ್ನೇ ಆರಿಸಿ, ಮಾದರಿಯ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.